ಹೋಟೆಲ್ ರೂಮು, ರಿಯಾಯಿತಿ, ಪಾಯಿಂಟು: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆ ನವನಗರದವನು. ಕೆಲಸದ ಮೇಲೆ ತಿಂಗಳಿಗೆ ಎರಡು ಸಲವಾದರೂ ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಓಡಾಡುತ್ತೇನೆ. ಒಂದು ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗ, ಪುಣೆಯಲ್ಲಿ ಒಂದು ರಾತ್ರಿ ಪಾಯಿಂಟ್ ಕೊಟ್ಟು ಉಳಿದೆ, ರೊಕ್ಕ ಕೊಡಲಿಲ್ಲ ಎಂದು ಬಾಯಿ ತಪ್ಪಿ ಹೇಳಿದೆ. ಅವತ್ತಿನಿಂದ ಶುರು. ರೈಲಿನಲ್ಲಿ, ಅಂಗಡಿ ಕಟ್ಟೆಯ ಮೇಲೆ, ವಾಟ್ಸಾಪ್‌ನಲ್ಲಿ, ಎಲ್ಲಾ ಕಡೆ ಅವೇ ಪ್ರಶ್ನೆಗಳು. ಒಂದು ಕಡೆ ಬರೆದಿಟ್ಟರೆ ನನಗೂ ಆರಾಮ, ಕೇಳುವವರಿಗೂ ಆರಾಮ. ಪ್ರಶ್ನೆಗಳನ್ನು ಜನ ಕೇಳಿದ ಹಾಗೆಯೇ ಬಿಟ್ಟಿದ್ದೇನೆ.

## ಹೊಸಬರಿಗೆ

ಪಾಯಿಂಟ್ ಮ್ಯಾಲ ರೂಮು ಬಿಟ್ಟಿ ಸಿಗ್ತದ ಅಂತಾರಲ್ರೀ, ಖರೇನಾ?

ರೂಮು ಸಿಗುವುದು ಖರೆ. ಬಿಟ್ಟಿ ಅನ್ನುವುದು ಸುಳ್ಳು. ಸಂತೆಯಲ್ಲಿ ಮೆಣಸಿನಕಾಯಿ ತೂಗಿಸಿಕೊಂಡ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರಲ್ಲ, ಪಾಯಿಂಟ್ ಅಂದರೆ ಅದೇ. ನೀವು ಹೇಗೂ ಖರ್ಚು ಮಾಡುವ ದುಡ್ಡಿಗೆ ಅಂಗಡಿಯವನು ಹಾಕುವ ಕೊಸರು. ಕೊಸರು ಸಿಗುತ್ತದೆ ಅಂತ ಎರಡು ಕೆಜಿ ಜಾಸ್ತಿ ಮೆಣಸಿನಕಾಯಿ ಯಾರೂ ಕೊಳ್ಳುವುದಿಲ್ಲ. ಆದರೆ ಪಾಯಿಂಟ್ ಸಿಗುತ್ತದೆ ಅಂತ ಬೇಡದ ಟಿವಿ ಕೊಂಡವರನ್ನು ನಾನು ನೋಡಿದ್ದೇನೆ.

ಪಾಯಿಂಟ್ ಬರುವುದು ಎರಡು ದಾರಿಯಲ್ಲಿ. ಒಂದು, ಹೋಟೆಲ್ ಕಂಪನಿಯ ಸದಸ್ಯರಾಗಿ ಅಲ್ಲೇ ಉಳಿದರೆ ಬರುವ ಪಾಯಿಂಟ್. ಇನ್ನೊಂದು, ಬ್ಯಾಂಕಿನ ಕಾರ್ಡ್ ಉಜ್ಜಿದಾಗ ಬರುವುದು. ಎರಡೂ ಬೇರೆ ಬೇರೆ ಖಾತೆ. ಒಂದೇ ರೂಮಿನ ಬಿಲ್‌ಗೆ ಎರಡೂ ಕಡೆ ಪಾಯಿಂಟ್ ಬರಬಹುದು.

ನನ್ನ ಕಡೆ ಕ್ರೆಡಿಟ್ ಕಾರ್ಡೇ ಇಲ್ಲ. ಮತ್ತ ಇದೆಲ್ಲಾ ನನಗಲ್ಲೇನು?

ನಿಮಗೂ ಹೌದು. ಹೋಟೆಲ್ ಕಂಪನಿಗಳ ಸದಸ್ಯತ್ವಕ್ಕೆ ಕಾರ್ಡ್ ಬೇಕಾಗಿಲ್ಲ, ದುಡ್ಡೂ ಬೇಕಾಗಿಲ್ಲ. ಫೋನ್ ನಂಬರ್, ಇಮೇಲ್ ಕೊಟ್ಟರೆ ಮುಗಿಯಿತು. ಸದಸ್ಯರಿಗೆ ಅಂತಲೇ ಒಂದು ಕಡಿಮೆ ರೇಟು ಇರುತ್ತದೆ. ಸೇರಿದ ದಿನವೇ ಅದು ಸಿಗುತ್ತದೆ. ಅದಕ್ಕಿಂತ ಮುಖ್ಯ, ಈ ಬರಹದಲ್ಲಿ ದಿನ ನೋಡಿ ಹೋಗುವುದು, ಫೋನ್ ಮಾಡುವುದು, ತೆರಿಗೆ ಲೆಕ್ಕ ನೋಡುವುದು ಅಂತ ಏನೇನು ಹೇಳಿದ್ದೇನೋ ಅದಕ್ಕೆ ಯಾವ ಕಾರ್ಡೂ ಬೇಡ. ಉಳಿತಾಯದಲ್ಲಿ ಜಾಸ್ತಿ ಪಾಲು ಅದೇ.

ಆ್ಯಪ್‌ನ್ಯಾಗ 1,800 ತೋರಿಸ್ತು, ಕೊಡೂವಾಗ 2,100 ದಾಟ್ತು. ಮೋಸ ಅಲ್ಲೇನ್ರೀ?

ಮೋಸ ಅಲ್ಲ, ಆದರೆ ಜಾಣತನ ಇದೆ. ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಬರೀ ಬಾಡಿಗೆ. ಕೊನೆಯಲ್ಲಿ ತೆರಿಗೆ ಸೇರುತ್ತದೆ, ಆ್ಯಪ್‌ನವರ ಸೇವಾ ಶುಲ್ಕ ಸೇರುತ್ತದೆ, ಕೆಲವು ಕಡೆ ನೀವು ಕೇಳದೇ ಇದ್ದರೂ ವಿಮೆಯೋ ದೇಣಿಗೆಯೋ ಅಂತ ಒಂದು ಡಬ್ಬಿಗೆ ಟಿಕ್ ಹಾಕಿರುತ್ತಾರೆ. ಆ ಟಿಕ್ ತೆಗೆಯಿರಿ. ಎರಡು ಆ್ಯಪ್ ಹೋಲಿಸುವಾಗ ಯಾವತ್ತೂ ಕೊನೆಯ ಪುಟದ ಮೊತ್ತವನ್ನೇ ಹೋಲಿಸಿ. ಕೂಪನ್‌ನಲ್ಲಿ 300 ರೂಪಾಯಿ ಬಿಟ್ಟ ಹಾಗೆ ಮಾಡಿ, ಶುಲ್ಕದಲ್ಲಿ 250 ವಾಪಸ್ ತೆಗೆದುಕೊಳ್ಳುವುದು ಮಾಮೂಲಿ.

ಆ್ಯಪ್ ಅಗ್ಗವೋ, ನೇರವಾಗಿ ಫೋನ್ ಮಾಡಿದರೆ ಅಗ್ಗವೋ?

ಇದಕ್ಕೆ ಒಂದೇ ಉತ್ತರ ಇಲ್ಲ, ಆದರೆ ನನ್ನ ಪದ್ಧತಿ ಹೇಳುತ್ತೇನೆ. ಆ್ಯಪ್‌ನಲ್ಲಿ ರೇಟು ನೋಡುತ್ತೇನೆ, ಆಮೇಲೆ ಹೋಟೆಲ್‌ಗೆ ಫೋನ್ ಮಾಡುತ್ತೇನೆ. "ಸರ್, ಆ್ಯಪ್‌ನಲ್ಲಿ ಇಷ್ಟು ತೋರಿಸ್ತಿದೆ, ನಾನು ನಿಮಗೇ ನೇರ ಕೊಡ್ತೀನಿ, ಎಷ್ಟು ಮಾಡಿಕೊಡ್ತೀರಿ?" ಇಷ್ಟೇ. ಆ್ಯಪ್ ಮೂಲಕ ಬಂದ ಪ್ರತಿ ರೂಮಿಗೆ ಹೋಟೆಲ್‌ನವರು ಕಮಿಷನ್ ಕೊಡಬೇಕು, ಅದೂ ಸಣ್ಣದಲ್ಲ. ಅದರಲ್ಲಿ ಸ್ವಲ್ಪ ನಿಮಗೆ ಬಿಟ್ಟರೂ ಅವರಿಗೆ ಲಾಭವೇ. ರೇಟು ಇಳಿಸದಿದ್ದರೆ ಬೆಳಗಿನ ನಾಷ್ಟಾ ಸೇರಿಸಿ ಅನ್ನಿ, ಇಲ್ಲವೇ ಚೆಕ್ ಔಟ್ ಎರಡು ತಾಸು ತಡ ಮಾಡಿಕೊಡಿ ಅನ್ನಿ. ನಮ್ಮ ಕಡೆಯ ಹೋಟೆಲ್‌ಗಳಲ್ಲಿ ಮಾಲೀಕರೋ ಮ್ಯಾನೇಜರೋ ಫೋನಿನಲ್ಲೇ ಸಿಗುತ್ತಾರೆ, ಹಾಗಾಗಿ ಇದು ಜಾಸ್ತಿ ನಡೆಯುತ್ತದೆ.

ಮೊದಲು ಹೋಟೆಲ್‌ಗಳ ಕೈ ಕಟ್ಟಿ ಹಾಕಿದ್ದೂ ಇತ್ತು. ನಮಗೆ ಕೊಟ್ಟ ರೇಟಿಗಿಂತ ಕಡಿಮೆಗೆ ಬೇರೆ ಕಡೆ ಕೊಡಬಾರದು ಎಂದು ಬುಕಿಂಗ್ ಕಂಪನಿಗಳು ಕರಾರು ಹಾಕಿಸಿಕೊಳ್ಳುತ್ತಿದ್ದವು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇಂಥ ಕರಾರಿನ ವಿರುದ್ಧ ಆದೇಶ ಮಾಡಿ ದಂಡ ಹಾಕಿತು. ಆದ್ದರಿಂದ ನೇರವಾಗಿ ಕೇಳಲು ಸಂಕೋಚ ಬೇಡ.

ಒಂದೇ ಹೆಸರಿನಲ್ಲಿ ಊರೂರಲ್ಲಿರುವ ದೊಡ್ಡ ಸರಪಳಿ ಹೋಟೆಲ್ ಆದರೆ ಇನ್ನೊಂದು ಕಾರಣವೂ ಇದೆ. ಬೇರೆ ಆ್ಯಪ್‌ನಲ್ಲಿ ಬುಕ್ ಮಾಡಿದರೆ ಹೋಟೆಲ್‌ನ ಪಾಯಿಂಟ್ ಸಾಮಾನ್ಯವಾಗಿ ಬರುವುದೇ ಇಲ್ಲ. ಪಾಯಿಂಟ್ ಬೇಕೆಂದರೆ ಅವರದೇ ಆ್ಯಪ್, ಇಲ್ಲವೇ ಅವರದೇ ಕೌಂಟರ್.

## ನಮ್ಮ ಕಡೆ ಉಳಿಯುವಾಗ

ಬೆಳಗಾವಿಯಲ್ಲಿ ಕೆಲವು ಸಲ ರೂಮೇ ಇರಲ್ಲ, ಇದ್ದರೂ ಡಬಲ್ ರೇಟು. ಯಾವಾಗ ಹೋಗಬೇಕು ಹೇಳಿ?

ಯಾವಾಗ ಹೋಗಬಾರದು ಅಂತ ಹೇಳುವುದು ಸುಲಭ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಇರುತ್ತದೆ. ಮಂತ್ರಿಗಳು, ಶಾಸಕರು, ಅಧಿಕಾರಿಗಳು, ಪೊಲೀಸರು, ಪತ್ರಕರ್ತರು, ಮನವಿ ಕೊಡಲು ಬಂದವರು, ಧರಣಿ ಕೂರಲು ಬಂದವರು, ಎಲ್ಲರಿಗೂ ರೂಮು ಬೇಕು. ಹೋಟೆಲ್‌ಗಳ ದೊಡ್ಡ ಪಾಲನ್ನು ಸರ್ಕಾರವೇ ಮೊದಲೇ ಹಿಡಿದಿರುತ್ತದೆ. ಆ ದಿನಗಳಲ್ಲಿ ಬೆಳಗಾವಿಯಲ್ಲಿ ಮದುವೆ ಇದ್ದರೆ ಸಂಬಂಧಿಕರ ಮನೆಯೇ ಗತಿ. ಇಲ್ಲವೇ ಧಾರವಾಡದಲ್ಲೋ ಗೋಕಾಕದಲ್ಲೋ ಉಳಿದು ಬೆಳಿಗ್ಗೆ ಹೋಗಬೇಕು. ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆಗೂ ಇದೇ ಕಥೆ, ಆದರೆ ಅದು ಒಂದೆರಡು ದಿನದ್ದು.

ಜಾತ್ರೆಗಳನ್ನೂ ನೋಡಿಕೊಳ್ಳಿ. ವಿಜಯಪುರದಲ್ಲಿ ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ, ಬಾದಾಮಿ ಹತ್ತಿರ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ಸವದತ್ತಿಯಲ್ಲಿ ಭಾರತ ಹುಣ್ಣಿಮೆಗೆ ಯಲ್ಲಮ್ಮನ ಜಾತ್ರೆ. ರೂಮು ಹುಡುಕುವ ಮೊದಲು ಗೋಡೆಯ ಮೇಲಿನ ಪಂಚಾಂಗ ನೋಡಿ ಅಂತ ನಾನು ತಮಾಷೆಗೆ ಹೇಳುವುದಲ್ಲ. ಗೂಗಲ್‌ಗೆ ಕಾಣದ ಸೀಸನ್ ಅದರಲ್ಲಿ ಕಾಣುತ್ತದೆ.

ಬೆಳಗಾವಿಯವರು ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವಾಗ ಇದರ ಉಲ್ಟಾ ಲೆಕ್ಕ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರ ಬಿಡಿ. ಮಳೆಗಾಲದ ನಡು ವಾರದಲ್ಲಿ ಹೋಗಿ, ಅದೇ ರೂಮು ಅರ್ಧಕ್ಕೆ ಸಿಕ್ಕರೂ ಆಶ್ಚರ್ಯ ಇಲ್ಲ. ಸಮುದ್ರಕ್ಕೆ ಇಳಿಯಲು ಬಿಡುವುದಿಲ್ಲ, ಅಷ್ಟೇ.

ಬಾದಾಮಿ, ಐಹೊಳೆ, ಪಟ್ಟದಕಲ್ಲು, ಗೋಳಗುಮ್ಮಟ ಎಲ್ಲಾ ನೋಡಬೇಕು. ಎಲ್ಲಿ ಉಳಿದರೆ ಕಡಿಮೆಗೆ ಆಗುತ್ತೆ?

ಬೆಂಗಳೂರಿನಿಂದ ಬರುವ ಗೆಳೆಯರು ಇದನ್ನು ಕೇಳುತ್ತಾರೆ. ಬಾದಾಮಿಯಲ್ಲಿ ಒಂದು ಅಥವಾ ಎರಡು ರಾತ್ರಿ, ವಿಜಯಪುರದಲ್ಲಿ ಒಂದು ರಾತ್ರಿ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ., ಅಲ್ಲಿಂದ ಮುಂದೆ ಐಹೊಳೆ ಹತ್ತಿರ. ಎರಡನ್ನೂ ಒಂದೇ ದಿನ ಮುಗಿಸಿ ಬರಬಹುದು, ಬೇರೆ ರೂಮು ಬೇಡ. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲ್‌ಗಳು ಎರಡೂ ಊರಲ್ಲಿ ಇವೆ, ಬಾದಾಮಿಯಲ್ಲಿ ಮಯೂರ ಚಾಲುಕ್ಯ, ವಿಜಯಪುರದಲ್ಲಿ ಮಯೂರ ಆದಿಲ್‌ಶಾಹಿ. ಖಾಸಗಿ ಹೋಟೆಲ್ ರೇಟಿನ ಜೊತೆ ಅವನ್ನೂ ಹೋಲಿಸಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ದೊಡ್ಡವರು ಆನ್‌ಲೈನ್‌ನಲ್ಲಿ ತೆಗೆದರೆ ಕೆಲವು ರೂಪಾಯಿ ಕಡಿಮೆ.

ಇಲ್ಲಿ ಪಾಯಿಂಟ್ ವಿಷಯ ಮರೆತುಬಿಡಿ. ದೊಡ್ಡ ಕಂಪನಿಗಳ ಹೋಟೆಲ್ ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು. ಬೆಳಗಾವಿಯಲ್ಲಿ ಮ್ಯಾರಿಯಟ್‌ನವರ ಫೇರ್‌ಫೀಲ್ಡ್ ಇದೆ. ಉಳಿದ ಕಡೆ ಫೋನು ಮತ್ತು ಬಾಯಿ, ಇವೆರಡೇ ಪಾಯಿಂಟು.

ರೈಲು ಬೆಳಿಗ್ಗೆ ಇಳಿಸುತ್ತೆ. ಬರೀ ಸ್ನಾನಕ್ಕೆ, ಎರಡು ತಾಸು ಮಲಗೋಕೆ ಇಡೀ ದಿನದ ಬಾಡಿಗೆ ಕೊಡಬೇಕಾ?

ಬೇಡ. ದೊಡ್ಡ ನಿಲ್ದಾಣಗಳಲ್ಲಿ ರೈಲ್ವೆಯ ವಿಶ್ರಾಂತಿ ಕೊಠಡಿ ಇರುತ್ತದೆ. ಟಿಕೆಟ್ ಖಾತ್ರಿ ಆಗಿದ್ದರೆ ಅಥವಾ ಆರ್‌ಎಸಿ ಇದ್ದರೆ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲೇ ಬುಕ್ ಮಾಡಬಹುದು, ಕೆಲವು ಕಡೆ ತಾಸಿನ ಲೆಕ್ಕದಲ್ಲೂ ಕೊಡುತ್ತಾರೆ. ಸಿಗದಿದ್ದರೆ 24 ತಾಸಿನ ಚೆಕ್ ಔಟ್ ಇರುವ ಲಾಡ್ಜ್ ಹುಡುಕಿ. ಬೆಳಿಗ್ಗೆ 6ಕ್ಕೆ ಹೋದರೆ ಮರುದಿನ 6ರ ತನಕ ನಿಮ್ಮದೇ. ಮಧ್ಯಾಹ್ನ 12ಕ್ಕೆ ಚೆಕ್ ಔಟ್ ಅನ್ನುವ ಹೋಟೆಲ್‌ಗೆ ಬೆಳಿಗ್ಗೆ 6ಕ್ಕೆ ಹೋದಿರೋ, ಆರು ತಾಸಿಗೆ ಒಂದು ದಿನದ ಬಾಡಿಗೆ ಹೋಯಿತು. ಹಳೇ ಬಸ್ ಸ್ಟ್ಯಾಂಡ್ ಸುತ್ತಮುತ್ತಲಿನ ಲಾಡ್ಜ್‌ಗಳಲ್ಲಿ ಇನ್ನೂ ಈ 24 ತಾಸಿನ ಪದ್ಧತಿ ಉಳಿದಿದೆ.

ಬಸ್ಸು, ರೈಲಿನ ಖರ್ಚಲ್ಲಿ ಏನಾದ್ರೂ ಉಳಿಯುತ್ತಾ?

ರಾಜ್ಯದೊಳಗೆ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದ್ದೇ ಇದೆ, 2023ರ ಜೂನ್ 11ರಿಂದ. ಸ್ಲೀಪರ್, ಎಸಿ ಬಸ್ಸಿಗೆ ಅದು ನಡೆಯುವುದಿಲ್ಲ. ಸರ್ಕಾರಿ ಬಸ್ಸಿನ ಮುಂಗಡ ಬುಕಿಂಗ್‌ನಲ್ಲಿ ನಾಲ್ಕು ಅಥವಾ ಹೆಚ್ಚು ಸೀಟು ಒಂದೇ ಟಿಕೆಟ್‌ನಲ್ಲಿ ತೆಗೆದರೆ ಶೇ. 5, ಹೋಗಿ ಬರುವುದನ್ನು ಒಟ್ಟಿಗೆ ತೆಗೆದರೆ ಬರುವ ಟಿಕೆಟ್ ಮೇಲೆ ಶೇ. 10 ರಿಯಾಯಿತಿ. ತುಂಬಾ ಜನ ಇದನ್ನು ಬಳಸುವುದೇ ಇಲ್ಲ.

ರೈಲಿನಲ್ಲಿ ಬೇಗ ಬುಕ್ ಮಾಡುವುದೇ ಉಳಿತಾಯ. 2024ರ ನವೆಂಬರ್ 1ರಿಂದ 60 ದಿನ ಮೊದಲಷ್ಟೇ ಬುಕಿಂಗ್ ತೆರೆಯುತ್ತದೆ, ಮೊದಲು 120 ದಿನ ಇತ್ತು. ದೀಪಾವಳಿಗೆ ರಾಣಿ ಚೆನ್ನಮ್ಮ ರೈಲಿನಲ್ಲೋ ಗೋಲ್‌ಗುಂಬಜ್ ರೈಲಿನಲ್ಲೋ ಸೀಟು ಬೇಕೆಂದರೆ 60ನೇ ದಿನದ ಬೆಳಿಗ್ಗೆ 8ಕ್ಕೆ ಕೂತುಬಿಡಿ. ಅದು ತಪ್ಪಿದರೆ ಖಾಸಗಿ ಸ್ಲೀಪರ್ ಬಸ್ಸಿಗೆ ಕೊಡುವ ರೊಕ್ಕದಲ್ಲಿ ಎರಡು ರಾತ್ರಿಯ ರೂಮು ಬರುತ್ತದೆ.

"ವಾಪಸ್ ಇಲ್ಲ" ಅನ್ನೋ ರೂಮು ಅಗ್ಗ ಇರ್ತದ. ತಗೊಳ್ಳಬಹುದಾ?

ನಾನು ಒಮ್ಮೆ ತೆಗೆದುಕೊಂಡೆ. ಹೈದರಾಬಾದಿನಲ್ಲಿ ಎರಡು ರಾತ್ರಿ, 700 ರೂಪಾಯಿ ಉಳಿಯಿತು ಅಂತ ಖುಷಿ. ಹೊರಡುವ ಹಿಂದಿನ ದಿನ ಮಗನಿಗೆ ಜ್ವರ ಬಂತು. ಫೋನ್ ಮಾಡಿ ಬೇಡಿಕೊಂಡೆ, ದಿನವನ್ನಾದರೂ ಮುಂದೂಡಿ ಅಂದೆ, ಆಗಲ್ಲ ಅಂದರು. 700 ಉಳಿಸಲು ಹೋಗಿ 5,000ದ ಹತ್ತಿರ ಕಳೆದುಕೊಂಡೆ. ನಿಯಮ ಅವರದು, ತಪ್ಪು ನನ್ನದು.

ಈಗ ಉಲ್ಟಾ ಮಾಡುತ್ತೇನೆ. ದಿನ ಗೊತ್ತಾದ ಕೂಡಲೇ ರದ್ದು ಮಾಡಬಹುದಾದ ರೂಮು ಹಿಡಿಯುತ್ತೇನೆ. ವಾರಕ್ಕೊಮ್ಮೆ ಅದೇ ರೂಮಿನ ರೇಟು ನೋಡುತ್ತೇನೆ. ಇಳಿದಿದ್ದರೆ ಹೊಸದು ಬುಕ್ ಮಾಡಿ ಆಮೇಲೆ ಹಳೆಯದು ರದ್ದು. ಮೊದಲು ಹೊಸದು, ಆಮೇಲೆ ರದ್ದು, ಈ ಕ್ರಮ ತಪ್ಪಿಸಬೇಡಿ.

## ಕಾರ್ಡು ಮತ್ತು ಪಾಯಿಂಟು

ಯಾವ ಕಾರ್ಡ್ ತಗೋಬೇಕು? ಒಂದೇ ಹೆಸರು ಹೇಳ್ರಿ ಸಾಕು.

ಹೆಸರು ಹೇಳುವ ಮೊದಲು ನಾನು ಒಂದು ಕೇಳುತ್ತೇನೆ. ಕಳೆದ ವರ್ಷ ನೀವು ಹೇಗೆ ಓಡಾಡಿದಿರಿ, ಎಲ್ಲೆಲ್ಲಿ ಉಳಿದಿರಿ? ಎಸಿ ರೈಲಿನಲ್ಲೇ ಓಡಾಟ ಅಂದರೆ ಐಆರ್‌ಸಿಟಿಸಿ ಹೆಸರಿನ ಎಸ್‌ಬಿಐ ಕಾರ್ಡ್ ನೋಡಿ. ಅದರ ಒಂದು ಪಾಯಿಂಟ್ ಅಂದರೆ ಒಂದು ರೂಪಾಯಿ, ಮತ್ತೆ ಟಿಕೆಟ್‌ಗೇ ಬಳಸಬಹುದು. ಟಾಟಾ ನ್ಯೂ ಕಾರ್ಡ್‌ನಲ್ಲಿ ಪಾಯಿಂಟ್ ಬದಲು ಬರುವ ನ್ಯೂಕಾಯಿನ್ ಕೂಡ ಒಂದಕ್ಕೆ ಒಂದು ರೂಪಾಯಿ. ತಾಜ್ ಹೋಟೆಲ್‌ನಲ್ಲೂ ನಡೆಯುತ್ತದೆ, ಹೋಟೆಲ್ ಬೇಡ ಅನ್ನಿಸಿದರೆ ಕ್ರೋಮಾದಲ್ಲೂ ನಡೆಯುತ್ತದೆ.

ವರ್ಷಕ್ಕೆ ಒಂದಾದರೂ ದೊಡ್ಡ ಊರಿನ ಪ್ರವಾಸ ಇದ್ದರೆ 2023ರಲ್ಲಿ ಬಂದ ಎಚ್‌ಡಿಎಫ್‌ಸಿಯ ಮ್ಯಾರಿಯಟ್ ಬಾನ್‌ವಾಯ್ ಕಾರ್ಡ್ ಲೆಕ್ಕಕ್ಕೆ ಸುಲಭ. ವರ್ಷದ ಶುಲ್ಕ 3,000, ತೆರಿಗೆ ಸೇರಿ 3,540. ಅದಕ್ಕೆ 15,000 ಪಾಯಿಂಟ್‌ವರೆಗೆ ಕೇಳುವ ಮ್ಯಾರಿಯಟ್ ರೂಮಿನಲ್ಲಿ ಒಂದು ರಾತ್ರಿ ಉಚಿತ. ಆ ರಾತ್ರಿ ಬಳಸುವುದು ಖಚಿತ ಅಂದರೆ 3,540ಕ್ಕೆ ಒಳ್ಳೇ ರೂಮು ಸಿಕ್ಕಿತು. ಬಳಸದೆ ಒಂದು ವರ್ಷ ಕಳೆದರೆ 3,540 ನೀರಿನಲ್ಲಿ ಹೋಯಿತು. ಇಂಥ ಕಾರ್ಡ್ ಇಟ್ಟುಕೊಂಡು ಲಾಡ್ಜ್‌ನಲ್ಲೇ ಉಳಿಯುವವರೂ ಇದ್ದಾರೆ.

ಮಿನಿಮಮ್ ಡ್ಯೂ ಕಟ್ಟಿದ್ರೆ ನಡೀತದಲ್ರೀ?

ಮಿನಿಮಮ್ ಡ್ಯೂ ಅಂದರೆ ಬಿಲ್‌ನಲ್ಲಿ ಇಷ್ಟಾದರೂ ಕಟ್ಟಿ ಎಂದು ಬ್ಯಾಂಕು ಹೇಳುವ ಕನಿಷ್ಠ ಮೊತ್ತ. ಬ್ಯಾಂಕಿಗೆ ನಡೆಯುತ್ತದೆ. ನಿಮಗೆ ನಡೆಯುವುದಿಲ್ಲ. 20,000 ಬಿಲ್‌ನಲ್ಲಿ 1,000 ಕಟ್ಟಿ 19,000 ಬಿಟ್ಟಿರಿ ಅನ್ನಿ. ತಿಂಗಳಿಗೆ ಶೇ. 3.5 ಬಡ್ಡಿ ಎಂದರೆ 665, ಅದರ ಮೇಲೆ ಶೇ. 18 ಜಿಎಸ್‌ಟಿ, ಕಡಿಮೆ ಎಂದರೂ 785 ರೂಪಾಯಿ. ಆ 20,000ಕ್ಕೆ ಬಂದ ಪಾಯಿಂಟ್‌ನ ಬೆಲೆ ಶೇ. 1 ಹಿಡಿದರೆ 200. ಅಲ್ಲಿಗೆ ಮುಗಿಯಿತಲ್ವಾ? ಪೂರ್ತಿ ಬಿಲ್ ಕಟ್ಟಲು ಆಗದ ತಿಂಗಳು ಒಂದೇ ಒಂದು ಬಂದರೂ ಮೂರ್ನಾಲ್ಕು ತಿಂಗಳ ಪಾಯಿಂಟ್ ತೊಳೆದು ಹೋಗುತ್ತದೆ. ಕೈ ಬಿಗಿ ಇಲ್ಲದವರಿಗೆ ಕಾರ್ಡ್ ಬೇಡ ಅಂತ ನಾನು ಮುಖಕ್ಕೇ ಹೇಳುತ್ತೇನೆ, ಕೆಲವರು ಸಿಟ್ಟಾಗಿದ್ದಾರೆ ಕೂಡ.

ನನ್ನ ಹತ್ರ 9,000 ಪಾಯಿಂಟ್ ಆಗಿದೆ. ಮಿಕ್ಸರ್ ತಗೊಳ್ಳಲಾ, ರೂಮಿಗೆ ಇಟ್ಕೊಳ್ಳಲಾ?

ಬ್ಯಾಂಕಿನ ಪಾಯಿಂಟ್ ಕ್ಯಾಟಲಾಗ್‌ನ ಮಿಕ್ಸರ್, ಕುಕ್ಕರ್, ಬ್ಯಾಗ್ ಇವೆಲ್ಲ ಪಾಯಿಂಟ್ ಕರಗಿಸುವ ಗುಂಡಿ. ಅಲ್ಲಿ ಒಂದು ಪಾಯಿಂಟ್‌ಗೆ 20ರಿಂದ 25 ಪೈಸೆ ಬಂದರೆ ಹೆಚ್ಚು. 9,000ಕ್ಕೆ 2,000 ರೂಪಾಯಿ ಆಸುಪಾಸು. ಅದೇ ಪಾಯಿಂಟ್‌ಗೆ ಪ್ರಯಾಣದ ಪುಟದಲ್ಲಿ ಜಾಸ್ತಿ ಬೆಲೆ ಕೊಡುವ ಬ್ಯಾಂಕ್‌ಗಳಿವೆ. ಎರಡೂ ಪುಟ ತೆರೆದು ಭಾಗಿಸಿ ನೋಡಿ. ಪಾಯಿಂಟ್ ಬಳಸುವಾಗ 99 ರೂಪಾಯಿ ಶುಲ್ಕ ಹಾಕುವ ಬ್ಯಾಂಕ್‌ಗಳೂ ಇವೆ, ಅಂಥ ಕಡೆ ನಾಲ್ಕು ಸಲ ಚೂರು ಚೂರು ಬಳಸಬೇಡಿ.

ಪಾಯಿಂಟ್ ಸತ್ತು ಹೋಗ್ತಾವಂತ. ಎಷ್ಟು ದಿನ ಇರ್ತಾವ?

ಮ್ಯಾರಿಯಟ್, ಹಿಲ್ಟನ್ ಹೋಟೆಲ್ ಕಂಪನಿಗಳಲ್ಲಿ 24 ತಿಂಗಳು ಖಾತೆ ಅಲುಗಾಡದಿದ್ದರೆ ಹೋಗುತ್ತವೆ. ಐಎಚ್‌ಜಿ ಅನ್ನುವ ಇನ್ನೊಂದು ಹೋಟೆಲ್ ಕಂಪನಿಯಲ್ಲಿ ಸಾದಾ ಸದಸ್ಯರಿಗೆ 12 ತಿಂಗಳು. ಸ್ವಲ್ಪ ಪಾಯಿಂಟ್ ಬಂದರೂ, ಸ್ವಲ್ಪ ಬಳಸಿದರೂ ಗಡಿಯಾರ ಮತ್ತೆ ಮೊದಲಿನಿಂದ ಶುರು. ಆದರೆ ಸಾಯುವುದಕ್ಕಿಂತ ದೊಡ್ಡ ಭಯ ಸೊರಗುವುದು. ಇವತ್ತು 10,000ಕ್ಕೆ ಸಿಗುವ ರೂಮಿಗೆ ನಾಳೆ 14,000 ಅನ್ನಬಹುದು, ಯಾರೂ ನಿಮ್ಮನ್ನು ಕೇಳುವುದಿಲ್ಲ. ಪಾಯಿಂಟ್ ಜೋಳ ಇದ್ದ ಹಾಗೆ, ಹಗೇವಿನಲ್ಲಿ ಜಾಸ್ತಿ ದಿನ ಇಟ್ಟರೆ ಹುಳ ಬೀಳುತ್ತದೆ.

## ಕೈ ಪಳಗಿದವರಿಗೆ

ರೊಕ್ಕ ಕೊಡಬೇಕೋ, ಪಾಯಿಂಟ್ ಕೊಡಬೇಕೋ? ಲೆಕ್ಕ ಹೆಂಗ ಹಾಕೂದು?

ತೆರಿಗೆ ಸೇರಿದ ಬಾಡಿಗೆಯನ್ನು ಪಾಯಿಂಟ್‌ನಿಂದ ಭಾಗಿಸಿ. 6,000ದ ರೂಮು, ತೆರಿಗೆ ಸೇರಿ 6,300. ಅದಕ್ಕೆ 10,000 ಪಾಯಿಂಟ್ ಕೇಳಿದರೆ ಒಂದು ಪಾಯಿಂಟ್‌ಗೆ 63 ಪೈಸೆ. ಅದೇ ರೂಮು ಇನ್ನೊಂದು ದಿನ ತೆರಿಗೆ ಸೇರಿ 4,200 ಇದ್ದು ಆಗಲೂ 10,000 ಕೇಳಿದರೆ ಬರೀ 42 ಪೈಸೆ. ಮೊದಲನೇ ದಿನ ಪಾಯಿಂಟ್ ಕೊಡಿ, ಎರಡನೇ ದಿನ ರೊಕ್ಕ ಕೊಟ್ಟು ಪಾಯಿಂಟ್ ಉಳಿಸಿ. ನಾನು 60 ಪೈಸೆಗಿಂತ ಕೆಳಗೆ ಕೊಡುವುದಿಲ್ಲ ಎಂದು ಗೆರೆ ಎಳೆದುಕೊಂಡಿದ್ದೇನೆ. ನಿಮ್ಮ ಗೆರೆ ನೀವು ಎಳೆದುಕೊಳ್ಳಿ.

ಊರಲ್ಲಿ ಪರೀಕ್ಷೆ, ಕ್ರಿಕೆಟ್, ದೊಡ್ಡ ಮದುವೆ ಸೀಸನ್ ಇದ್ದು ರೇಟು ಏರಿದ ದಿನ ಪಾಯಿಂಟ್ ಹೊಳೆಯುತ್ತದೆ. ಮ್ಯಾರಿಯಟ್‌ನಲ್ಲಿ ಐದು ರಾತ್ರಿ ಪಾಯಿಂಟ್ ಮೇಲೆ ಸತತ ಉಳಿದರೆ ನಾಲ್ಕರ ಪಾಯಿಂಟ್ ಮಾತ್ರ ತೆಗೆದುಕೊಳ್ಳುತ್ತಾರೆ, ಐದರಲ್ಲಿ ಕಡಿಮೆ ಪಾಯಿಂಟಿನ ರಾತ್ರಿ ಬಿಡುತ್ತಾರೆ. ನಾಲ್ಕು ರಾತ್ರಿ ಸಾಕು ಅನ್ನುವವರು ಐದನೆಯದನ್ನು ಸುಮ್ನೆ ನೋಡಿ, ಹೆಚ್ಚಿಗೆ ಪಾಯಿಂಟ್ ಇಲ್ಲದೆಯೋ ಸ್ವಲ್ಪವೇ ಕೊಟ್ಟೋ ಒಂದು ದಿನ ಸಿಗಬಹುದು.

7,500ರ ಗೆರೆ ಅಂತೀರಲ್ಲ, ಅದೇನು?

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ. 5 ಜಿಎಸ್‌ಟಿ, ಮೊದಲು ಶೇ. 12 ಇತ್ತು. 7,500 ದಾಟಿದರೆ ಪೂರ್ತಿ ಮೊತ್ತಕ್ಕೆ ಶೇ. 18. ಈಗ ನೋಡಿ ಮಜಾ. 7,500ರ ರೂಮಿಗೆ ಒಟ್ಟು 7,875. 7,600ರ ರೂಮಿಗೆ 8,968. ಬಾಡಿಗೆಯಲ್ಲಿ 100 ವ್ಯತ್ಯಾಸ, ಕೈಯಿಂದ ಹೋಗುವುದು 1,093 ಜಾಸ್ತಿ! ಲೆಕ್ಕಕ್ಕೆ ಬರುವುದು ಹೋಟೆಲ್ ನಿಜವಾಗಿ ತೆಗೆದುಕೊಳ್ಳುವ ಬಾಡಿಗೆ. ಆದ್ದರಿಂದ 7,800 ಅಂದರೆ ಕೌಂಟರ್‌ನಲ್ಲಿ 300 ಇಳಿಸಿ ಎಂದು ಕೇಳಿ. ಅವರಿಗೆ 300 ಕಡಿಮೆ, ನಿಮಗೆ ಸಾವಿರಕ್ಕಿಂತ ಜಾಸ್ತಿ ಉಳಿಯಿತು.

"ಉಚಿತ ಊಟಕ್ಕೆ ಬನ್ನಿ, ಮೂರು ರಾತ್ರಿ ವೋಚರ್ ಕೊಡ್ತೀವಿ" ಅಂತ ಫೋನ್ ಬಂತು. ಹೋಗ್ಲಾ?

ಊಟ ಚೆನ್ನಾಗಿರುತ್ತದೆ. ಆಮೇಲೆ ಎರಡು ತಾಸು ಗಂಡ ಹೆಂಡತಿಯನ್ನು ಒಂದು ಟೇಬಲ್‌ಗೆ ಕೂರಿಸಿ, 10 ವರ್ಷ, 25 ವರ್ಷದ ಸದಸ್ಯತ್ವ ಮಾರುತ್ತಾರೆ. ಇವತ್ತೇ ಸಹಿ ಹಾಕಿದರೆ ಮಾತ್ರ ಈ ರೇಟು ಅನ್ನುತ್ತಾರೆ. ಒಂದೇ ಮಾತು ಹೇಳಿ, ಮನೆಯಲ್ಲಿ ಹಿರಿಯರನ್ನು ಕೇಳಿ ನಾಳೆ ಬರುತ್ತೇನೆ. ನಾಳೆ ಆಗಲ್ಲ ಅಂದರೆ ಅದೇ ಉತ್ತರ.

ಇನ್ನೊಂದು, "ನಿಮ್ಮ ರಿವಾರ್ಡ್ ಪಾಯಿಂಟ್ ಇವತ್ತು ರಾತ್ರಿ ಮುಗಿಯುತ್ತದೆ" ಎಂದು ಬರುವ ಮೆಸೇಜು. ಅದರ ಲಿಂಕ್ ಮುಟ್ಟಬೇಡಿ, ಕಳಿಸಿದ ಆ್ಯಪ್ ಹಾಕಿಕೊಳ್ಳಬೇಡಿ. ಬ್ಯಾಂಕಿನ ಆ್ಯಪ್ ನೀವೇ ತೆರೆದು ನೋಡಿ. ರೊಕ್ಕ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ನಂದು ಸೀರೆ ವ್ಯಾಪಾರ, ಜಿಎಸ್‌ಟಿ ನಂಬರ್ ಇದೆ. ರೂಮಿನ ತೆರಿಗೆ ವಾಪಸ್ ಸಿಗುತ್ತಾ?

ಇಳಕಲ್, ಗುಳೇದಗುಡ್ಡದ ವ್ಯಾಪಾರಿಗಳು ಕೇಳುವ ಪ್ರಶ್ನೆ ಇದು. ಹೋಟೆಲ್ ಯಾವ ರಾಜ್ಯದಲ್ಲಿದೆ ಎನ್ನುವುದರ ಮೇಲೆ ನಿಂತಿದೆ. ವ್ಯಾಪಾರದ ಕೆಲಸಕ್ಕೆ ಬೆಂಗಳೂರಿನಲ್ಲಿ ಉಳಿದರೆ ತೆರಿಗೆ ಕರ್ನಾಟಕದ್ದು, ನಿಮ್ಮ ನೋಂದಣಿಯೂ ಕರ್ನಾಟಕದ್ದು. ಕ್ರೆಡಿಟ್ ಕೇಳಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಬಹುದು. ಸೊಲ್ಲಾಪುರ, ಕೊಲ್ಹಾಪುರದಲ್ಲಿ ಉಳಿದರೆ ಆ ತೆರಿಗೆ ಮಹಾರಾಷ್ಟ್ರದ್ದಾಗುತ್ತದೆ, ಅಲ್ಲಿ ನಿಮ್ಮ ನೋಂದಣಿ ಇಲ್ಲದಿದ್ದರೆ ಸಿಗುವುದಿಲ್ಲ. ವಿಜಯಪುರದ ಒಬ್ಬ ಕಾಕಾ ಇದನ್ನು ಕೇಳಿ, ಸೊಲ್ಲಾಪುರದಲ್ಲಿ ಉಳಿಯುವುದನ್ನೇ ಬಿಟ್ಟು ರಾತ್ರಿ ಬಸ್ಸಿಗೆ ಮನೆಗೆ ಬರಲು ಶುರು ಮಾಡಿದರು. ಆ ದಾರಿಯೂ ಸರಿಯೇ. ಬುಕ್ ಮಾಡುವಾಗಲೇ ಜಿಎಸ್‌ಟಿ ನಂಬರ್ ಕೊಡಿ, ಬಿಲ್ ಕೈಗೆ ಬಂದ ಕೂಡಲೇ ಅಂಕಿಗಳನ್ನು ಒಂದೊಂದಾಗಿ ಓದಿ ನೋಡಿ. ಕೌಂಟರ್ ಬಿಟ್ಟು ಊರಿಗೆ ಬಂದ ಮೇಲೆ ಒಂದು ಅಂಕಿ ತಿದ್ದಿಸಲು ಹತ್ತು ಫೋನ್ ಬೇಕಾಗುತ್ತದೆ.